ಮದ್ದು ಮೈಯೊಳಗೆ ಮಾಡುವ ಕೆಲಸ

(ಕಮಠಾಣದಲ್ಲಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರ ಕಲಿಸುವವನು. ತೊಗರಿಯ ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡಬೇಕು, ಎಕರೆಗೆ ಎಷ್ಟು ಬೀಜ ಬೇಕು, ಯಾವಾಗ ಎಡೆ ಹೊಡೆಯಬೇಕು ಎಂದು ಹೇಳುವುದು ನನ್ನ ಕೆಲಸ. ಇಂದು ಮಾತ್ರ ಔಷಧಶಾಸ್ತ್ರದ ಬಗ್ಗೆ, ಅಂದರೆ ಮದ್ದು ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಮಾತನಾಡಲು ಬಂದಿದ್ದೇನೆ. ವೈದ್ಯರು ಹೇಳಬೇಕಾದ ಮಾತನ್ನು ಇವರೇಕೆ ಹೇಳುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣವಾದ ಒಂದು ಘಟನೆಯನ್ನು ಮೊದಲು ಹೇಳುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ನನ್ನ ಪ್ರಯೋಗದ ತೊಗರಿ ಹೂವಿಗೆ ಬಂದಿತ್ತು, ಕಾಯಿಕೊರಕ ಬಿದ್ದಿತ್ತು. ಕೂಲಿಗೆ ಬಂದ ಒಬ್ಬ ತರುಣ ಮೂರು ದಿನ ಸತತವಾಗಿ ಕೀಟನಾಶಕ ಸಿಂಪಡಿಸಿದ. ಬೆನ್ನಿಗೆ ಕಟ್ಟಿದ ಪಂಪು ಸಣ್ಣಗೆ ಸೋರುತ್ತಿತ್ತು. ಅವನ ಅಂಗಿ, ಧೋತರ ತೊಯ್ದಿದ್ದವು. ನಾನು ನೋಡಿದ್ದೆ, ಆದರೆ ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವನು ಬದುವಿನ ಮೇಲೆ ಕುಳಿತುಬಿಟ್ಟ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಎಂದ. ಬಿಸಿಲು ಬಡಿದಿದೆ ಎಂದು ನಾನು ತಿಳಿದೆ. ಲಿಂಬೆಹಣ್ಣಿನ ಶರಬತ್ತು ಕುಡಿಸಿ ನೆರಳಿನಲ್ಲಿ ಮಲಗಿಸಿದೆ. ತೊಯ್ದ ಬಟ್ಟೆ ಅವನ ಮೈಮೇಲೆಯೇ ಇತ್ತು. ಹೀಗೆ ಒಂದು ತಾಸಿಗೂ ಹೆಚ್ಚು ಕಳೆಯಿತು. ಎದೆಯಲ್ಲಿ ಗೊರಗೊರ ಶಬ್ದ ಬಂದಾಗ ದವಾಖಾನೆಗೆ ಓಡಿದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾವ ಎಣ್ಣೆ? ಡಬ್ಬಿ ಎಲ್ಲಿದೆ?" ಎಂಬುದು. ಡಬ್ಬಿ ಹೊಲದಲ್ಲಿಯೇ ಉಳಿದಿತ್ತು.

ಅವನು ಬದುಕಿದ. ಎಂಟು ಹತ್ತು ದಿನಗಳ ಮೇಲೆ ನೋಡಲು ಹೋದಾಗ ನನ್ನನ್ನು ಬೈಯಲಿಲ್ಲ. "ಸಾಹೇಬ್ರ, ಅಳತಿ ಸರಿ ಇತ್ತಲ್ರೀ?" ಎಂದು ಮಾತ್ರ ಕೇಳಿದ. ಅಳತೆ ಸರಿ ಇತ್ತು. ಲೀಟರಿಗೆ ಎಷ್ಟು ಮಿಲಿಲೀಟರ್ ಎಂದು ನಾನೇ ಲೆಕ್ಕ ಹಾಕಿಕೊಟ್ಟಿದ್ದೆ. ಆದರೆ ಅದು ಬೆಳೆಯ ಅಳತೆ. ಮನುಷ್ಯನ ಮೈಗೂ ಒಂದು ಅಳತೆ ಇದೆ ಎಂಬುದನ್ನು ನಾನು ಅವನಿಗೆ ಹೇಳಿರಲಿಲ್ಲ, ನನಗೂ ಸರಿಯಾಗಿ ತಿಳಿದಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಓದುತ್ತ ಬಂದಿದ್ದೇನೆ. ಓದಿದ್ದರಲ್ಲಿ ರೈತನಿಗೆ ಬೇಕಾದಷ್ಟನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಾಲ್ಕು ಪ್ರಶ್ನೆಗಳು

ನಮ್ಮ ಮಾತಿನಲ್ಲಿ ಜ್ವರಕ್ಕೆ ಕೊಡುವುದೂ ಔಷಧ, ಹುಳಕ್ಕೆ ಹೊಡೆಯುವುದೂ ಔಷಧ. ಈ ಕಡೆ ಎರಡಕ್ಕೂ ದವಾ ಎನ್ನುವವರಿದ್ದಾರೆ. ಮದ್ದು ಎಂಬ ಮಾತಿಗೂ ಹಾಗೆಯೇ ಎರಡು ಮುಖ: ರೋಗಕ್ಕೆ ಮದ್ದು ಕೊಡುತ್ತಾರೆ, ವೈರಿಗೆ ಮದ್ದು ಹಾಕುತ್ತಾರೆ. ಈ ಬಳಕೆಯಲ್ಲಿ ಒಂದು ಸತ್ಯ ಅಡಗಿದೆ. ಔಷಧ ಮತ್ತು ವಿಷ ಎರಡು ಬೇರೆ ಜಾತಿಯ ವಸ್ತುಗಳಲ್ಲ. ಎರಡೂ ದೇಹದೊಳಗೆ ಹೋಗಿ ಒಂದು ನಿಶ್ಚಿತ ಸ್ಥಳದಲ್ಲಿ ಕುಳಿತು ಒಂದು ನಿಶ್ಚಿತ ಕೆಲಸವನ್ನು ತಡೆಯುತ್ತವೆ ಅಥವಾ ಹೆಚ್ಚಿಸುತ್ತವೆ.

ಆದ್ದರಿಂದ ಯಾವುದೇ ಮದ್ದಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕು. ಯಾವ ದಾರಿಯಿಂದ ಒಳಗೆ ಹೋಗುತ್ತದೆ? ಎಲ್ಲಿ ಕೂರುತ್ತದೆ? ಎಷ್ಟು ಆದರೆ ಕೇಡು? ಎಷ್ಟು ಹೊತ್ತು ಇರುತ್ತದೆ? ಪ್ರಾಯೋಗಿಕ ಔಷಧಶಾಸ್ತ್ರ ಸುಮಾರು ನೂರೆಪ್ಪತ್ತು ವರ್ಷಗಳಿಂದ ಮುಖ್ಯವಾಗಿ ಈ ಪ್ರಶ್ನೆಗಳನ್ನೇ ಕೇಳುತ್ತ ಬಂದಿದೆ. ನಮ್ಮ ದೇಶದಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರು 1921ರಲ್ಲಿ ಕಲಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿ ಈ ಬಗೆಯ ಸಂಶೋಧನೆಗೆ ಬುನಾದಿ ಹಾಕಿದರು. ಇಲ್ಲಿಂದ ಬಹಳ ದೂರವಿಲ್ಲದ ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ನಿಮ್ಮ ಮಕ್ಕಳು ಓದುವ ಪಾಠಗಳಲ್ಲಿ ಔಷಧಶಾಸ್ತ್ರವೂ ವಿಷಶಾಸ್ತ್ರವೂ ಜೊತೆಜೊತೆಗೇ ಇವೆ.

ಎಲ್ಲಿ ಕೂರುತ್ತದೆ?

ಮೊದಲು ಈ ಪ್ರಶ್ನೆಯನ್ನು ನೋಡೋಣ. 1850ರ ದಶಕದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿ ಒಂದು ಕಪ್ಪೆಯನ್ನು ತೆಗೆದುಕೊಂಡ. ಅದರ ಒಂದು ಕಾಲಿಗೆ ರಕ್ತ ಹೋಗದಂತೆ ದಾರ ಬಿಗಿದ; ಆದರೆ ಆ ಕಾಲಿನ ನರವನ್ನು ಹಾಗೆಯೇ ಬಿಟ್ಟ. ಅನಂತರ ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ ಕ್ಯುರಾರೆ ಎಂಬ ವಿಷವನ್ನು ಕಪ್ಪೆಗೆ ಚುಚ್ಚಿದ. ಇಡೀ ಮೈ ಸೋತು ಬಿತ್ತು. ಕಟ್ಟಿದ ಕಾಲು ಮಾತ್ರ ಅಲುಗಾಡುತ್ತಿತ್ತು. ಸೋತ ಕಾಲಿನ ಸ್ನಾಯುವನ್ನು ನೇರವಾಗಿ ವಿದ್ಯುತ್ತಿನಿಂದ ಮುಟ್ಟಿದರೆ ಅದೂ ಕುಗ್ಗುತ್ತಿತ್ತು. ಅಂದರೆ ಸ್ನಾಯು ಕೆಟ್ಟಿಲ್ಲ, ಬೆನ್ನುಹುರಿಯೂ ಕೆಟ್ಟಿಲ್ಲ. ನರ ಸ್ನಾಯುವನ್ನು ಸೇರುವ ಜಾಗದಲ್ಲಿ ಮಾತ್ರ ವಿಷ ಕೆಲಸ ಮಾಡಿದೆ ಎಂದಾಯಿತು. ವಿಷವು ಮೈಯೆಲ್ಲ ಹರಿದಾಡಿದರೂ ಅದರ ಕೆಲಸ ಒಂದು ನಿಶ್ಚಿತ ಜಾಗದಲ್ಲಿ ನಡೆಯುತ್ತದೆ ಎಂಬುದು ಆಗ ಸ್ಪಷ್ಟವಾಯಿತು.

ಆ ಜಾಗದಲ್ಲಿ ನಡೆಯುವುದೇನು? ಇದಕ್ಕೆ ಉತ್ತರ 1921ರಲ್ಲಿ ಆಸ್ಟ್ರಿಯಾದ ಆಟೊ ಲೋವಿ ಅವರಿಂದ ಬಂತು. ಅವರು ಕಪ್ಪೆಯ ಹೃದಯವನ್ನು ಉಪ್ಪುನೀರಿನ ದ್ರಾವಣದಲ್ಲಿ ಬಡಿಯುವಂತೆ ಇಟ್ಟು, ಅದರ ನರವನ್ನು ಕೆರಳಿಸಿದರು. ಬಡಿತ ನಿಧಾನವಾಯಿತು. ಆ ದ್ರಾವಣವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅದರ ಬಡಿತ ನಿಧಾನವಾಯಿತು. ನರವು ತನ್ನ ತುದಿಯಲ್ಲಿ ಒಂದು ರಾಸಾಯನಿಕವನ್ನು ಬಿಡುತ್ತದೆ ಎಂದು ಇದರಿಂದ ತಿಳಿಯಿತು. ಅದೇ ಅಸಿಟೈಲ್‌ಕೋಲಿನ್. ಈ ಕೆಲಸಕ್ಕೆ 1936ರಲ್ಲಿ ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೆ ನೊಬೆಲ್ ಬಹುಮಾನ ದೊರೆಯಿತು.

ಇದನ್ನು ನೀರು ಹಾಯಿಸುವ ಕೆಲಸಕ್ಕೆ ಹೋಲಿಸಬಹುದು. ಕಾಲುವೆಯಲ್ಲಿ ನೀರು ಬಂತು. ಮಡಿಯ ಬಾಯಿಂದ ಒಳಗೆ ಹರಿಯಿತು. ಸಾಕಷ್ಟಾದ ಕೂಡಲೇ ಸಲಿಕೆ ಹಿಡಿದವನು ನೀರನ್ನು ಕಟ್ಟಬೇಕು. ಅಸಿಟೈಲ್‌ಕೋಲಿನ್ ಆ ನೀರು. ಬಾಯಿಯ ಜೊಲ್ಲು, ಬೆವರು, ಎದೆಯ ಕಫ, ಕರುಳಿನ ಚಲನೆ, ಕಣ್ಣಿನ ಪಾಪೆ, ಕೈಕಾಲಿನ ಸ್ನಾಯು ಇವೆಲ್ಲ ಬೇರೆ ಬೇರೆ ಮಡಿಗಳು. ಸಲಿಕೆ ಹಿಡಿದವನು ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ. ಅದು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಅಸಿಟೈಲ್‌ಕೋಲಿನ್ನನ್ನು ಒಡೆದುಹಾಕುತ್ತದೆ.

ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್ ಮುಂತಾದ ಸಾವಯವ ರಂಜಕ ಗುಂಪಿನ ಕೀಟನಾಶಕಗಳು ಸಲಿಕೆ ಹಿಡಿದವನ ಕೈಯನ್ನೇ ಕಟ್ಟಿಹಾಕುತ್ತವೆ. ನೀರು ನಿಲ್ಲುವುದಿಲ್ಲ. ಹುಳ ಸಾಯುವುದು ಹೀಗೆಯೇ, ಮನುಷ್ಯ ಸಾಯುವುದೂ ಹೀಗೆಯೇ. ಏಕೆಂದರೆ ಹುಳಕ್ಕೂ ನಮಗೂ ಈ ಕಿಣ್ವ ಇದೆ. ಈ ಗುಂಪನ್ನು ಬೆಳೆಸಿದವರಲ್ಲಿ ಮೊದಲಿಗ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್. 1936ರಲ್ಲಿ ಹೊಸ ಕೀಟನಾಶಕ ಹುಡುಕುತ್ತಿದ್ದಾಗ ಅವನಿಗೆ ದೊರೆತ ಒಂದು ವಸ್ತು ಮನುಷ್ಯರಿಗೆ ಎಷ್ಟು ಘೋರವಾಗಿತ್ತೆಂದರೆ, ಅದು ಟಾಬುನ್ ಎಂಬ ಯುದ್ಧದ ವಿಷಾನಿಲವಾಯಿತು. ನಾವು ತೊಗರಿಗೆ ಹೊಡೆಯುವ ಎಣ್ಣೆ ಅದೇ ವಂಶದ್ದು ಎಂಬುದನ್ನು ಮರೆಯಬಾರದು.

ಈಗ ನನ್ನ ಕೂಲಿಯವನ ಲಕ್ಷಣಗಳನ್ನು ಮತ್ತೊಮ್ಮೆ ನೋಡಿ. ಜೊಲ್ಲು, ಬೆವರು, ಕಣ್ಣೀರು, ವಾಂತಿ, ಭೇದಿ, ಸಾಸಿವೆಯಷ್ಟು ಸಣ್ಣದಾದ ಪಾಪೆ, ಎದೆಯಲ್ಲಿ ಕಫ, ಅಲ್ಲಲ್ಲಿ ಮಾಂಸ ಅದುರುವುದು, ಕೊನೆಗೆ ಉಸಿರು ಸೋಲುವುದು. ಬಿಸಿಲು ಬಡಿದವನಿಗೆ ಜೊಲ್ಲು ಸುರಿಯುವುದಿಲ್ಲ, ಪಾಪೆ ಸೂಜಿಮೊನೆಯಂತಾಗುವುದಿಲ್ಲ. ಇಷ್ಟು ತಿಳಿದಿದ್ದರೆ ನಾನು ಶರಬತ್ತು ಮಾಡುತ್ತ ಕೂರುತ್ತಿರಲಿಲ್ಲ.

ಬದುವಿನ ಮೇಲಿನ ದತ್ತೂರಿ

ದತ್ತೂರಿ ಗಿಡವನ್ನು ನೀವೆಲ್ಲ ಬಲ್ಲಿರಿ. ಅದರ ಕಾಯಿ ತಿಂದವರಿಗೆ ಏನಾಗುತ್ತದೆ? ಬಾಯಿ ಒಣಗುತ್ತದೆ, ಬೆವರು ನಿಲ್ಲುತ್ತದೆ, ಪಾಪೆ ಅಗಲವಾಗುತ್ತದೆ, ಭ್ರಮೆ ಹಿಡಿಯುತ್ತದೆ. ಈಗ ಹೇಳಿದ ಲಕ್ಷಣಗಳಿಗೆ ಹೆಚ್ಚುಕಡಿಮೆ ಎದುರು. ದತ್ತೂರಿಯಲ್ಲಿಯೂ ಯುರೋಪಿನ ಬೆಲ್ಲಡೊನ್ನ ಗಿಡದಲ್ಲಿಯೂ ಇರುವ ಅಟ್ರೋಪಿನ್ ಎಂಬ ಸಾರವನ್ನು 1830ರ ದಶಕದ ಆರಂಭದಲ್ಲಿಯೇ ಬೇರ್ಪಡಿಸಿದ್ದರು. ಇಂದು ಸಾವಯವ ರಂಜಕ ವಿಷಕ್ಕೆ ವೈದ್ಯರು ಮೊದಲು ಚುಚ್ಚುವುದು ಈ ಅಟ್ರೋಪಿನ್ನನ್ನೇ.

ಅದು ಮಡಿಯ ಬಾಯಿಗೆ ಇಟ್ಟ ಹಲಗೆಯಂತೆ. ಕಾಲುವೆಯಲ್ಲಿ ನೀರು ತುಂಬಿದ್ದರೂ ಮಡಿಯ ಒಳಗೆ ಹರಿಯದು. ಎದೆಯ ಕಫ ಆರುವವರೆಗೆ, ನಾಡಿ ಸರಿಯಾಗುವವರೆಗೆ ವೈದ್ಯರು ಅದನ್ನು ಮೇಲಿಂದ ಮೇಲೆ ಕೊಡುತ್ತಾರೆ. ಆದರೆ ಈ ಹಲಗೆ ಎಲ್ಲ ಮಡಿಗಳಿಗೂ ಹೊಂದುವುದಿಲ್ಲ. ಸ್ನಾಯುಗಳ ಮಡಿಗೆ ಅದು ಹೊಂದದು. ಆದ್ದರಿಂದಲೇ ಕಫ ಆರಿದ ಮೇಲೂ ಕೆಲವರಿಗೆ ಉಸಿರಾಟದ ಯಂತ್ರ ಬೇಕಾಗುತ್ತದೆ. ಕಟ್ಟಿದ ಕೈಯನ್ನು ಬಿಚ್ಚಲು ಪ್ರಾಲಿಡಾಕ್ಸೈಮ್ ಎಂಬ ಇನ್ನೊಂದು ಮದ್ದು 1950ರ ದಶಕದಲ್ಲಿ ಬಂತು. ಹಸಿ ಹಗ್ಗದ ಗಂಟು ಒಣಗಿದಂತೆಲ್ಲ ಬಿಗಿಯುವ ಹಾಗೆ, ವಿಷವು ಕಿಣ್ವಕ್ಕೆ ಅಂಟಿ ಹೊತ್ತು ಕಳೆದಷ್ಟೂ ಆ ಗಂಟು ಬಿಚ್ಚುವುದಿಲ್ಲ. ಹೊಲದಲ್ಲಿ ನಾವು ಕಳೆಯುವ ತಾಸು ಎಂಥ ತಾಸು ಎಂಬುದು ಇದರಿಂದ ತಿಳಿಯುತ್ತದೆ.

ಒಂದು ಎಚ್ಚರಿಕೆ. ದತ್ತೂರಿಯಲ್ಲಿ ಅಟ್ರೋಪಿನ್ ಇದೆ ಎಂದು ಕಾಯಿ ಅರೆದು ಕುಡಿಸಲು ಹೋಗಬೇಡಿ. ಯಾವ ಕಾಯಿಯಲ್ಲಿ ಎಷ್ಟಿದೆ ಎಂದು ನೋಡಿ ಹೇಳಲಾಗದು. ಒಂದು ವಿಷದ ಮೇಲೆ ಇನ್ನೊಂದು ವಿಷ ಹಾಕಿದಂತಾಗುತ್ತದೆ.

ಎಲ್ಲ ಎಣ್ಣೆಗೂ ಅಟ್ರೋಪಿನ್ ಮದ್ದಲ್ಲ ಎಂಬುದನ್ನೂ ತಿಳಿಯಬೇಕು. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ವಿಮಾನದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಬೇರೆ ಜಾಗದಲ್ಲಿ ಕೂರುತ್ತದೆ. ಮಿದುಳನ್ನು ಶಾಂತವಾಗಿಡುವ ಸಂದೇಶವನ್ನು ಅದು ತಡೆಯುತ್ತದೆ. ಅದರ ವಿಷದಲ್ಲಿ ಬರುವುದು ಸೆಳವು. ಅದಕ್ಕೆ ಪ್ರತಿವಿಷವೇ ಇರಲಿಲ್ಲ. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಾದ್ಯಂತ ಅದನ್ನು ತಡೆಯಿತು. ಕಳೆಗೆ ಬಳಸುವ ಪ್ಯಾರಾಕ್ವಾಟ್ ಶ್ವಾಸಕೋಶವನ್ನು ಹಾಳುಮಾಡುತ್ತದೆ, ಅದಕ್ಕೂ ಪ್ರತಿವಿಷವಿಲ್ಲ. ಆದ್ದರಿಂದ ವೈದ್ಯರು ಕೇಳುವ "ಡಬ್ಬಿ ಎಲ್ಲಿದೆ?" ಎಂಬ ಪ್ರಶ್ನೆ ಸುಮ್ಮನೆ ಕೇಳುವುದಲ್ಲ.

ಯಾವ ದಾರಿಯಿಂದ?

"ನಾನೇನು ಕುಡಿದಿಲ್ಲವಲ್ಲ" ಎಂದು ಸಿಂಪಡಿಸುವವರು ಹೇಳುತ್ತಾರೆ. ಬಾಯಿ ಒಂದು ದಾರಿ, ಮೂಗು ಇನ್ನೊಂದು. ಆದರೆ ಸಿಂಪಡಿಸುವವನಿಗೆ ದೊಡ್ಡ ದಾರಿ ಚರ್ಮ. ಈ ವಿಷಗಳಲ್ಲಿ ಬಹಳಷ್ಟು ಚರ್ಮದ ಮೂಲಕ ಇಳಿಯುತ್ತವೆ. ಬೆವರಿದಾಗ, ಗಾಯವಿದ್ದಾಗ ಇನ್ನೂ ಬೇಗ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಮನುಷ್ಯರ ಮೇಲೆಯೇ ನಡೆಸಿದ ಪರೀಕ್ಷೆಗಳಲ್ಲಿ, ಮುಂಗೈಗಿಂತ ತಲೆ, ಹಣೆ, ಕಂಕುಳಿನ ಚರ್ಮ ಹೆಚ್ಚು ಹೀರುತ್ತದೆಂದೂ, ಗಂಡಸರ ವೃಷಣದ ಚರ್ಮ ಎಲ್ಲಕ್ಕಿಂತ ಹೆಚ್ಚು, ಮುಂಗೈಯ ಸುಮಾರು ಹತ್ತು ಪಟ್ಟಿಗೂ ಮೀರಿ ಹೀರುತ್ತದೆಂದೂ ಕಂಡುಬಂತು. ಬೆನ್ನಿನ ಪಂಪು ಸೋರಿದರೆ ನೀರು ಇಳಿಯುವುದು ಎಲ್ಲಿಗೆ? ಬೆನ್ನು, ಸೊಂಟ, ತೊಡೆಸಂದಿಗೇ. ಮೈಯಲ್ಲಿ ಅತಿ ಸುಲಭವಾಗಿ ಬಾಗಿಲು ತೆರೆಯುವ ಜಾಗಕ್ಕೇ ನಾವು ವಿಷ ಹರಿಸುತ್ತಿದ್ದೆವು.

ನೆರೆಯ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಸಿಂಪಡಿಸುವಾಗ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು. ಸಿಂಪಡಿಸಿದ್ದು ಮುಖ, ಎದೆಯ ಮೇಲೆಯೇ ಬೀಳುತ್ತಿತ್ತು. ನಮ್ಮ ಬೀದರ, ಭಾಲ್ಕಿ, ಔರಾದ ಕಡೆಯ ತೊಗರಿಯೂ ಒಳ್ಳೆಯ ಮಳೆಯಾದ ವರ್ಷ ಆಳೆತ್ತರ ಬೆಳೆಯುತ್ತದೆ.

ಇನ್ನೊಂದು ಲೆಕ್ಕ ನೆನಪಿಡಿ. ಲೀಟರಿಗೆ ಒಂದು ಮಿಲಿಲೀಟರ್ ಬೆರೆಸುವ ಎಣ್ಣೆಯಾದರೆ, ಡಬ್ಬಿಯಲ್ಲಿರುವುದರ ಒಂದು ಹನಿ ಬೆರೆಸಿದ ನೀರಿನ ಸಾವಿರ ಹನಿಗೆ ಸಮ. ಡಬ್ಬಿ ತೆರೆದು ಅಳೆಯುವ ಎರಡು ನಿಮಿಷ ಅತ್ಯಂತ ಅಪಾಯದ ಹೊತ್ತು. ಆಗಲೇ ನಾವು ಬರಿಗೈ.

ಎಷ್ಟು ಆದರೆ ಕೇಡು?

ಮದ್ದಿನ ಬಲವನ್ನು ಅಳೆಯುವ ಒಂದು ಕ್ರಮವನ್ನು 1927ರಲ್ಲಿ ಇಂಗ್ಲೆಂಡಿನ ಟ್ರೆವಾನ್ ಎಂಬವರು ಸೂಚಿಸಿದರು. ಪ್ರಯೋಗಕ್ಕೆ ಇಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣವನ್ನು, ಮೈತೂಕದ ಒಂದು ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕುವುದು. ಆ ಅಂಕಿ ಸಣ್ಣದಾದಷ್ಟೂ ವಿಷ ಘೋರ. ಈ ಪ್ರಯೋಗಶಾಲೆಯ ಅಂಕಿಯನ್ನು ನೀವು ದಿನವೂ ಕೈಯಲ್ಲಿ ಹಿಡಿಯುತ್ತೀರಿ. ಅದು ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ.

ನಮ್ಮ ದೇಶದ 1971ರ ಕೀಟನಾಶಕ ನಿಯಮಗಳ ಪ್ರಕಾರ, ಬಾಯಿಯಿಂದ ಹೋದಾಗ ಕಿಲೋಗೆ 1ರಿಂದ 50 ಮಿಲಿಗ್ರಾಂ ಆದರೆ ಕೆಂಪು. 51ರಿಂದ 500 ಹಳದಿ. 501ರಿಂದ 5,000 ನೀಲಿ. 5,000ಕ್ಕಿಂತ ಮೇಲೆ ಹಸಿರು. 60 ಕಿಲೋ ತೂಗುವ ಮನುಷ್ಯನಿಗೆ ಲೆಕ್ಕ ಹಾಕಿ ನೋಡಿ. ಕೆಂಪು ಗುಂಪಿನ ಮೇಲಿನ ಗಡಿಯೇ ಮೂರು ಗ್ರಾಂ, ಒಂದು ಚಹಾ ಚಮಚೆಗೂ ಕಡಿಮೆ. ಇಲಿಯ ಲೆಕ್ಕ ಮನುಷ್ಯನಿಗೆ ಅಕ್ಷರಶಃ ಹೊಂದದಿದ್ದರೂ ಅಪಾಯದ ಅಂದಾಜು ಸಿಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "ಕೆಂಪು ಗುರುತಿಂದು ಕೊಡ್ರಿ, ಜೋರ್ ಇರ್ತದ" ಎಂದು ಅಂಗಡಿಯಲ್ಲಿ ಕೇಳುವವರನ್ನು ನಾನು ಕಂಡಿದ್ದೇನೆ. ಕೆಂಪು ಬಣ್ಣ ಹುಳಕ್ಕೆ ಎಷ್ಟು ಜೋರು ಎಂದು ಹೇಳುವುದಿಲ್ಲ, ನಿಮಗೆ ಎಷ್ಟು ಜೋರು ಎಂದು ಹೇಳುತ್ತದೆ. ಕಾಯಿಕೊರಕಕ್ಕೆ ಈಗ ಬಳಕೆಯಲ್ಲಿರುವ ಕ್ಲೋರಾಂಟ್ರಾನಿಲಿಪ್ರೋಲ್ ಹಸಿರು ಗುಂಪಿನದು. ಅದು ಹುಳದ ಸ್ನಾಯುವಿನಲ್ಲಿ ಸುಣ್ಣದ ಅಂಶದ ಬಾಗಿಲನ್ನು ತೆರೆದಿಡುತ್ತದೆ; ಹುಳ ತಿನ್ನುವುದನ್ನೇ ಬಿಡುತ್ತದೆ. ನಮ್ಮ ಸ್ನಾಯುವಿನ ಬಾಗಿಲು ಬೇರೆ ರಚನೆಯದಾದ್ದರಿಂದ ಅದಕ್ಕೆ ಅಷ್ಟು ಸುಲಭವಾಗಿ ಬಗ್ಗದು. ಹಸಿರಿದ್ದರೂ ಅದು ಕುಡಿಯುವ ವಸ್ತುವಲ್ಲ, ಮೀನು ಹುಳುಗಳ ನೀರಿಗೆ ಸೇರಬಾರದು. ಆದರೆ ಎಲ್ಲಿ ಕೂರುತ್ತದೆ ಎಂದು ತಿಳಿದು ಆರಿಸಿದರೆ ಹುಳಕ್ಕೆ ವಿಷವಾಗಿ ಮನುಷ್ಯನಿಗೆ ಸೌಮ್ಯವಾದದ್ದು ಸಿಗುತ್ತದೆ.

ಎಷ್ಟು ಹೊತ್ತು ಇರುತ್ತದೆ?

ಕೆಲವು ಎಣ್ಣೆಗಳು ಮೈಯೊಳಗೆ ಹೋದ ಕೂಡಲೇ ಕೆಲಸ ಮಾಡುವುದಿಲ್ಲ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲು ಯಕೃತ್ತಿನಲ್ಲಿ ಮಾರ್ಪಟ್ಟು ಆಮೇಲೆ ಘೋರವಾಗುತ್ತವೆ. ಆದ್ದರಿಂದ ಸಂಜೆ "ಆರಾಮ ಇದ್ದೀನಿ" ಎಂದು ಮಲಗಿದವನು ರಾತ್ರಿ ಕೆಡಬಹುದು.

ಕಟ್ಟಿಹೋದ ಕಿಣ್ವ ತಾನಾಗಿ ಬಿಚ್ಚಿಕೊಳ್ಳದಿದ್ದರೆ ದೇಹ ಹೊಸದನ್ನು ಮಾಡಿಕೊಳ್ಳಬೇಕು. ಕೆಂಪು ರಕ್ತಕಣಗಳಲ್ಲಿ ಇದು ಹೆಚ್ಚುಕಡಿಮೆ ದಿನಕ್ಕೆ ನೂರಕ್ಕೆ ಒಂದರಂತೆ ತುಂಬಿಕೊಳ್ಳುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ತನ್ನ ಹೊಲಕ್ಕೆ ವರ್ಷಕ್ಕೆ ಎರಡು ಸಲ ಹೊಡೆಯುವ ರೈತನಿಗೂ, ಹಂಗಾಮಿನುದ್ದಕ್ಕೂ ದಿನವೂ ಬೇರೆಯವರ ಹೊಲಕ್ಕೆ ಹೊಡೆಯುವ ಕೂಲಿಯವನಿಗೂ ವ್ಯತ್ಯಾಸ ಇಲ್ಲಿದೆ. ನಿನ್ನೆ ಖರ್ಚಾದದ್ದು ತುಂಬುವ ಮೊದಲೇ ಇಂದು ಮತ್ತಷ್ಟು ಖರ್ಚು. ನನ್ನ ಹೊಲದಲ್ಲಿ ಆ ತರುಣ ಬಿದ್ದದ್ದು ಮೊದಲನೆಯ ದಿನವಲ್ಲ, ಮೂರನೆಯ ದಿನ. ಅದಕ್ಕೆ ಮೊದಲು ಅವನು ಇನ್ನೆಷ್ಟು ಹೊಲಗಳಲ್ಲಿ ಹೊಡೆದಿದ್ದನೋ ನಾನು ಕೇಳಿಯೇ ಇರಲಿಲ್ಲ. ಕೂಲಿಗೆ ಕರೆಯುವ ಮೊದಲು ಇದನ್ನು ಕೇಳುವುದು ಯಜಮಾನನ ಕರ್ತವ್ಯ.

ದನಗಳಿಗೂ ಇದೇ ಲೆಕ್ಕ

ಈ ನಾಲ್ಕು ಪ್ರಶ್ನೆಗಳನ್ನು ಈಗ ಕೊಟ್ಟಿಗೆಗೆ ಕೊಂಡೊಯ್ಯೋಣ. ಎಳೆಯ ಜೋಳದಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ಅದನ್ನು 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬವರು ಬೇರ್ಪಡಿಸಿ ತೋರಿಸಿದರು. ದನ ಎಲೆಯನ್ನು ಅಗಿದಾಗ ಧುರಿನ್ ಒಡೆದು ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಅದು ಕೂರುವುದು ಜೀವಕೋಶಗಳು ಆಮ್ಲಜನಕವನ್ನು ಬಳಸುವ ಜಾಗದಲ್ಲಿ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಕೋಶಗಳು ಅದನ್ನು ಬಳಸಲಾರವು. ಆದ್ದರಿಂದಲೇ ದನ ಉಸಿರುಕಟ್ಟಿ ಸಾಯುತ್ತಿದ್ದರೂ ವಸಡು, ಕಣ್ಣಿನ ಒಳಪದರ ಕಡುಕೆಂಪಾಗಿರುತ್ತವೆ. ಕಣಜದಲ್ಲಿ ಜೋಳ ತುಂಬಿದ್ದೂ ಬೀಸುವ ಕಲ್ಲು ಒಡೆದು ಉಪವಾಸ ಬಿದ್ದಂತೆ.

ಇದಕ್ಕೆ ಪ್ರತಿವಿಷವನ್ನು 1933ರಲ್ಲಿ ಕೆ. ಕೆ. ಚೆನ್ ಮತ್ತು ಅವರ ಸಂಗಡಿಗರು ನಾಯಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಸೋಡಿಯಂ ನೈಟ್ರೈಟ್ ರಕ್ತದ ಬಣ್ಣದ ವಸ್ತುವನ್ನು ಸ್ವಲ್ಪ ಮಾರ್ಪಡಿಸಿ ಸಯನೈಡನ್ನು ತನ್ನ ಕಡೆ ಸೆಳೆಯುತ್ತದೆ; ಸೋಡಿಯಂ ಥಯೊಸಲ್ಫೇಟ್ ಅದನ್ನು ನಿರುಪದ್ರವಿಯಾಗಿ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಇವೆರಡೂ ಪಶುವೈದ್ಯರು ರಕ್ತನಾಳಕ್ಕೆ ಕೊಡಬೇಕಾದ ಚುಚ್ಚುಮದ್ದುಗಳು. ಆದರೆ ಮೇದ ಕೆಲವೇ ನಿಮಿಷಗಳಲ್ಲಿ ದನ ಬೀಳಬಹುದಾದ್ದರಿಂದ, ವೈದ್ಯರು ಬರುವಷ್ಟು ಹೊತ್ತು ಅನೇಕ ಸಲ ಇರುವುದಿಲ್ಲ.

ಇಲ್ಲಿ ಬೇಸಾಯಶಾಸ್ತ್ರವೇ ಪ್ರತಿವಿಷ. ಬಿತ್ತಿ ಐವತ್ತು ದಿನ ತುಂಬದ ಜೋಳಕ್ಕೆ ದನ ಬಿಡಬೇಡಿ. ಮಳೆ ಕೈಕೊಟ್ಟು ಬಾಡಿ ಕುಗ್ಗಿದ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಎರಡೂ ಅಪಾಯ. ಹೂವು ಬಿಟ್ಟ ಮೇಲೆ ವಿಷ ಇಳಿಯುತ್ತದೆ. ಕೊಯ್ದು ಚೆನ್ನಾಗಿ ಒಣಗಿಸಿದರೆ ಬಹಳ ಕಡಿಮೆಯಾಗುತ್ತದೆ. ಹಸಿದ ದನವನ್ನು ಹಸಿ ಜೋಳದ ಹೊಲದ ಬಳಿ ಒಯ್ಯುವ ಮೊದಲು ಒಣ ಮೇವು ಹಾಕಿ.

ಮದ್ದು ಎಷ್ಟು ಹೊತ್ತು ಇರುತ್ತದೆ ಎಂಬ ಪ್ರಶ್ನೆ ಹಾಲಿಗೂ ಸೇರಿದ್ದು. ಕೆಚ್ಚಲು ಬಾವಿಗೆ ಜೀವಿರೋಧಕ ಮದ್ದು ಕೊಟ್ಟಾಗ ಅದರ ಅಂಶ ಹಾಲಿನಲ್ಲಿ ಇಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ ಎಂಬುದು ನಮ್ಮ ತಾಯಂದಿರಿಗೆ ಗೊತ್ತು. ಹೆಪ್ಪಿನ ಜೀವಾಣುಗಳನ್ನೂ ಆ ಮದ್ದು ತಡೆಯುತ್ತದೆ. ಪೊಟ್ಟಣದ ಮೇಲೆ ಹಾಲು ಬಳಸಬಾರದ ಅವಧಿ ಬರೆದಿರುತ್ತದೆ. ಅಷ್ಟು ದಿನ ಆ ಹಾಲನ್ನು ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ.

ಸತ್ತ ದನದ ಮೈಯಲ್ಲಿ ಉಳಿದ ಮದ್ದು ಏನು ಮಾಡಬಲ್ಲದು ಎಂಬುದಕ್ಕೆ ರಣಹದ್ದುಗಳೇ ಸಾಕ್ಷಿ. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಆ ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತದೆಂದು 2004ರಲ್ಲಿ ತಿಳಿಯಿತು. 2006ರಲ್ಲಿ ಭಾರತದಲ್ಲಿ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ಅಷ್ಟರಲ್ಲಿ ನಮ್ಮ ಆಕಾಶ ಬಹುತೇಕ ಬರಿದಾಗಿತ್ತು.

ನೆನಪಿಡಬೇಕಾದ ಮಾತುಗಳು

1. ಸೋರುವ ಪಂಪನ್ನು ರಿಪೇರಿ ಮಾಡಿಸದೆ ಹೆಗಲಿಗೆ ಏರಿಸಬೇಡಿ. ತುಂಬುತೋಳಿನ ಅಂಗಿ, ಕೈಚೀಲ, ಮುಖಕ್ಕೆ ಮುಸುಕು ಇರಲಿ. ಅಳೆಯುವಾಗ ಕೈಚೀಲ ತಪ್ಪಬಾರದು. ಗಾಳಿಗೆ ಎದುರಾಗಿ ಹೊಡೆಯಬೇಡಿ.

2. ಎಣ್ಣೆ ಬಟ್ಟೆಗೆ ತಾಗಿದರೆ ಕೂಡಲೇ ಬಿಚ್ಚಿ, ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ತೊಡೆಸಂದಿ, ಕಂಕುಳು, ತಲೆಗೂದಲು, ಉಗುರಿನ ಸಂದಿ ಬಿಡಬೇಡಿ. ತೊಳೆಯುವವರೂ ತಮ್ಮ ಕೈ ಕಾಪಾಡಿಕೊಳ್ಳಬೇಕು.

3. ಜೊಲ್ಲು, ಬೆವರು, ಸಣ್ಣ ಪಾಪೆ, ಎದೆಯ ಗೊರಗೊರ ಕಂಡರೆ ಶರಬತ್ತು, ಹಾಲು, ತುಪ್ಪ, ಹುಣಸೆನೀರು ಎಂದು ಕೂರಬೇಡಿ. ಪ್ರಜ್ಞೆ ತಪ್ಪಿದವರಿಗೆ ಬಾಯಿಂದ ಏನನ್ನೂ ಹಾಕಬೇಡಿ, ವಾಂತಿ ಮಾಡಿಸಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

4. ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ಜೊತೆಗೆ ಒಯ್ಯಿರಿ. ಪ್ರತಿವಿಷದ ಹೆಸರು ಅದರಲ್ಲಿಯೇ ಇರುತ್ತದೆ.

5. ಎರಡು ಮೂರು ಎಣ್ಣೆಗಳನ್ನು ಸ್ವಂತ ಅಂದಾಜಿನಲ್ಲಿ ಬೆರೆಸಬೇಡಿ. ಮೈಯೊಳಗೆ ಎಲ್ಲವೂ ಬೇರೆ ಬೇರೆ ಜಾಗದಲ್ಲಿ ಕುಳಿತರೆ ವೈದ್ಯರಿಗೂ ಕಷ್ಟ.

6. ಖಾಲಿ ಡಬ್ಬಿಯನ್ನು ಮನೆಗೆ ತರಬೇಡಿ. ಬಿಹಾರದ ಸಾರಣ ಜಿಲ್ಲೆಯಲ್ಲಿ 2013ರಲ್ಲಿ ಶಾಲೆಯ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತು. ಈ ಕೀಟನಾಶಕವನ್ನು ತರಕಾರಿಗೆ ಬಳಸುವುದನ್ನು 2005ರಲ್ಲಿಯೇ ನಿಷೇಧಿಸಲಾಗಿದೆ. ಅದರ 36 ಎಸ್.ಎಲ್. ರೂಪವನ್ನು ನಿಲ್ಲಿಸುವ ಆದೇಶ 2023ರಲ್ಲಿ ಬಂತು. ಹಳೆಯ ಡಬ್ಬಿ ಅಟ್ಟದ ಮೇಲೆ ಉಳಿದಿದ್ದರೆ ಇಂದೇ ಕೃಷಿ ಅಧಿಕಾರಿಗಳನ್ನು ಕೇಳಿ ವಿಲೇವಾರಿ ಮಾಡಿ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ನಾವು ಎಕರೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಡುತ್ತೇವೆ. ಅದೇ ಚೀಟಿಯ ಹಿಂದೆ ತ್ರಿಕೋನದ ಬಣ್ಣವನ್ನೂ, ವಿಷದ ಲಕ್ಷಣಗಳನ್ನೂ, ಪ್ರತಿವಿಷದ ಹೆಸರನ್ನೂ ಬರೆಯೋಣ. ಚೀಟಿ ರೈತನ ಕೈಗೆ ಹೋಗುತ್ತದೆ. ಪಂಪು ಹೊರುವವನಿಗೆ ಅದನ್ನು ಓದಿ ಹೇಳುವಂತೆ ರೈತನಿಗೆ ತಿಳಿಸೋಣ.

ಅಳತೆ ಸರಿ ಇತ್ತೇ ಎಂದು ಕೇಳಿದ ಆ ತರುಣನಿಗೆ ಅಂದು ನಾನು ಹೂಂ ಎಂದಷ್ಟೇ ಹೇಳಿ ಬಂದೆ. ಇಂದು ಕೇಳಿದರೆ, ತೊಗರಿಯ ಅಳತೆ ಸರಿ ಇತ್ತಪ್ಪ, ನಿನ್ನ ಅಳತೆಯನ್ನು ನಾನು ನೋಡಲಿಲ್ಲ ಎನ್ನುತ್ತೇನೆ. ನಿಮ್ಮ ಹೊಲದಲ್ಲಿ ಆ ತಪ್ಪು ಆಗದಿರಲಿ.